ಕಾರ್ನರ್ ರಿಫ್ಲೆಕ್ಟರ್‌ನ ಎರಡೂ ಬದಿಯಲ್ಲಿ ಹುಸಿಚುಕ್ಕಿಗಳು: ಐಎನ್‌ಎಸ್–ಜಿಪಿಎಸ್ ಅಳತೆಯಿಂದ ಚಲನದೋಷ ಕಳೆದ ಮೇಲೂ ರೇಡಾರ್ ಚಿತ್ರ ಏಕೆ ಕೆಡುತ್ತದೆ?

ಬಯಲುಹಕ್ಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಸಣ್ಣ ತಂಡವು ಅವಳಿ ಎಂಜಿನ್ನಿನ ಹಗುರ ವಿಮಾನವೊಂದರ ಹೊಟ್ಟೆಯಡಿ ಎಕ್ಸ್ ಬ್ಯಾಂಡ್‌ನ ಸಿಂಥೆಟಿಕ್ ಅಪರ್ಚರ್ ರೇಡಾರ್ (ಹಾದಿಯುದ್ದಕ್ಕೂ ಬಂದ ಪ್ರತಿಧ್ವನಿಗಳನ್ನು ಕೂಡಿಸಿ, ಉದ್ದನೆಯ ಆಂಟೆನಾ ಇದ್ದಂತೆ ನೆಲವನ್ನು ಚಿತ್ರಿಸುವ ರೇಡಾರ್) ಕೂರಿಸಿ, ಬಯಲುಸೀಮೆಯ ಮೇಲೆ ಪರೀಕ್ಷಾ ಹಾರಾಟಗಳನ್ನು ನಡೆಸುತ್ತಿದೆ. ತರಂಗದೂರ 3 ಸೆಂ.ಮೀ., ನೆಲದಿಂದ ಎತ್ತರ 3 ಕಿ.ಮೀ., ವೇಗ ಸೆಕೆಂಡಿಗೆ 75 ಮೀಟರ್. ಪಕ್ಕಕ್ಕೆ ನೋಡುವ ಈ ರೇಡಾರ್ ಓರೆದೂರದ (ವಿಮಾನದಿಂದ ನೆಲದ ಬಿಂದುವಿಗಿರುವ ನೇರ ದೂರ) ಲೆಕ್ಕದಲ್ಲಿ 6ರಿಂದ 10 ಕಿ.ಮೀ.ವರೆಗಿನ ಪಟ್ಟಿಯನ್ನು ಚಿತ್ರಿಸುತ್ತದೆ. ಹಾರಾಟದ ದಿಕ್ಕಿನಲ್ಲಿ ಅರ್ಧ ಮೀಟರ್ ಸ್ಪಷ್ಟತೆ ನಮ್ಮ ಗುರಿ. ಅದಕ್ಕಾಗಿ 10 ಕಿ.ಮೀ. ದೂರದ ಬಿಂದುವೊಂದರ ಪ್ರತಿಧ್ವನಿಗಳನ್ನು ವಿಮಾನ 300 ಮೀಟರ್ ಸಾಗುವಷ್ಟು ಕಾಲ, ಅಂದರೆ 4 ಸೆಕೆಂಡು, ಕೂಡಿಸಿಕೊಳ್ಳಬೇಕಾಗುತ್ತದೆ (ಇಷ್ಟು ಹಾದಿಯೇ ಒಂದು ಅಪರ್ಚರ್). ಆ 4 ಸೆಕೆಂಡಿನಲ್ಲಿ ವಿಮಾನ ಗೆರೆ ಎಳೆದಂತೆ ಹಾರುವುದಿಲ್ಲವಾದ್ದರಿಂದ, ಅದು ಎಷ್ಟು ಓಲಾಡಿತು ಎಂಬುದನ್ನು ಐಎನ್‌ಎಸ್ (ತನ್ನ ಚಲನೆಯನ್ನು ತಾನೇ ಅಳೆದುಕೊಳ್ಳುವ ಜಡತ್ವ ಸಂಚರಣ ವ್ಯವಸ್ಥೆ) ಮತ್ತು ಜಿಪಿಎಸ್ ಎರಡೂ ಬೆಸೆದ ಸಂಚರಣ ಘಟಕದಿಂದ ಪಡೆದು, ಪ್ರತಿಯೊಂದು ಪಲ್ಸ್‌ನ ಫೇಸ್ (ತರಂಗದ ಏರಿಳಿತದ ಹಂತ) ಅನ್ನು ತಿದ್ದುತ್ತೇವೆ. ಘಟಕದ ಐಎಂಯು (ತಿರುಗುವುದನ್ನು ಅಳೆಯುವ ಗೈರೊ, ವೇಗದ ಬದಲಾವಣೆಯನ್ನು ಅಳೆಯುವ ಆಕ್ಸಿಲರೋಮೀಟರ್‌ಗಳಿರುವ ಪೆಟ್ಟಿಗೆ) ಫೈಬರ್ ಆಪ್ಟಿಕ್ ಗೈರೊಗಳದ್ದು, ಸೆಕೆಂಡಿಗೆ 200 ಅಳತೆ ಕೊಡುತ್ತದೆ. ಜಿಪಿಎಸ್ ಸೆಕೆಂಡಿಗೊಮ್ಮೆ ಮಾತ್ರ. ಎರಡನ್ನೂ ಕಾಲ್ಮನ್ ಫಿಲ್ಟರ್ ಎಂಬ ಅಂದಾಜಿನ ಲೆಕ್ಕವಿಧಾನ ಬೆಸೆದು ಕೊಡುವ ಸ್ಥಾನವನ್ನೇ ನಾವು ಹಾರಾಟದ ಹೊತ್ತಿನಲ್ಲಿ ನೇರವಾಗಿ ಬಳಸುತ್ತಿದ್ದೇವೆ.

ತೊಂದರೆ ಹೀಗಿದೆ. ಪರೀಕ್ಷೆಗೆಂದು ನೆಲದ ಮೇಲೆ ಎರಡು ಕಾರ್ನರ್ ರಿಫ್ಲೆಕ್ಟರ್‌ಗಳನ್ನು (ರೇಡಾರ್ ಅಲೆಯನ್ನು ಬಂದ ದಿಕ್ಕಿಗೇ ಮರಳಿಸುವ ಲೋಹದ ಮೂಲೆಗಳು) ಇಟ್ಟಿದ್ದೆವು, ಒಂದು 6 ಕಿ.ಮೀ. ಓರೆದೂರದಲ್ಲಿ, ಇನ್ನೊಂದು 10 ಕಿ.ಮೀ. ಓರೆದೂರದಲ್ಲಿ. ಚಿತ್ರದಲ್ಲಿ ಪ್ರತಿಯೊಂದು ರಿಫ್ಲೆಕ್ಟರ್‌ನ ಹಿಂದೆ ಮತ್ತು ಮುಂದೆ, ಹಾರಾಟದ ದಿಕ್ಕಿನಲ್ಲೇ, ಒಂದೊಂದು ಹುಸಿಚುಕ್ಕಿ ಮೂಡಿದೆ. ಹತ್ತಿರದ ರಿಫ್ಲೆಕ್ಟರ್‌ಗೆ ಅವು ಸುಮಾರು 1.2 ಮೀಟರ್ ಅಂತರದಲ್ಲಿವೆ, ದೂರದ್ದಕ್ಕೆ ಸುಮಾರು 2 ಮೀಟರ್. ನಿಜವಾದ ಚುಕ್ಕಿಗಿಂತ ಅವು ಸುಮಾರು 12 ಡಿಬಿ ಕೆಳಗಿವೆ. ಅದರ ಎರಡರಷ್ಟು ಅಂತರದಲ್ಲಿ ಇನ್ನೂ ಮಸುಕಾದ ಮತ್ತೊಂದು ಜೋಡಿಯೂ ಇದೆ. ಉತ್ತರಕ್ಕೆ ಹಾರಿದ ಸಾಲುಗಳಲ್ಲಿ ಇವು ಎದ್ದು ಕಾಣುತ್ತವೆ, ದಕ್ಷಿಣಕ್ಕೆ ಹಾರಿದ ಸಾಲುಗಳಲ್ಲಿ ಬಹುಮಟ್ಟಿಗೆ ಅಡಗಿವೆ.

ಮೊದಲು ನನಗೆ ಅನುಮಾನ ಬಂದದ್ದು ನೆಲದ ಮೇಲೆಯೇ. ಆ ದಿನ ನಾವು ಹೋಗಿ ನೋಡಿದಾಗ ಕುರಿಗಾಹಿಯೊಬ್ಬರು ಹತ್ತಿರದ ರಿಫ್ಲೆಕ್ಟರ್‌ನ ನೆರಳಿನಲ್ಲಿ ಕಂಬಳಿ ಹಾಸಿ, ಅಲ್ಯೂಮಿನಿಯಂ ಬುತ್ತಿ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದರು. ಆದರೆ ಯಾರೂ ಸುಳಿಯದ ದೂರದ ರಿಫ್ಲೆಕ್ಟರ್‌ಗೂ ಅದೇ ಚಿತ್ರ ಬಂದಿರುವುದರಿಂದ ಡಬ್ಬಿಯನ್ನು ದೂರಿ ಪ್ರಯೋಜನವಿಲ್ಲ. ಪ್ರೊಪೆಲ್ಲರ್‌ನ ಕಂಪನ ಕಾರಣವೇ? ನಮ್ಮ ಮೇಲಿನವರು "ಆಟೋಫೋಕಸ್ (ಚಿತ್ರವನ್ನೇ ನೋಡಿ ದೋಷ ತಿದ್ದುವ ವಿಧಾನ) ಹಾಕಿ ಮುಗಿಸಿ" ಎನ್ನುತ್ತಾರೆ. ಕಾರಣ ತಿಳಿಯದೆ ಹಾಗೆ ಮಾಡಲು ನನಗೆ ಮನಸ್ಸಿಲ್ಲ.

ಅಳತೆಗೋಲು

ಅಂತರಗಳನ್ನು ಅಳೆದು ಬರೆದಿರುವುದರಿಂದ ನಿಮ್ಮ ಪ್ರಶ್ನೆಯಲ್ಲೇ ಮುಕ್ಕಾಲು ಉತ್ತರ ಸಿಕ್ಕಿಬಿಟ್ಟಿದೆ. ಫೇಸ್‌ನಲ್ಲಿ ಒಂದೇ ಲಯದಲ್ಲಿ ಮರುಕಳಿಸುವ ದೋಷವಿದ್ದರೆ ಪ್ರತಿಯೊಂದು ಬಿಂದುವಿನ ಎರಡು ಬದಿಗೂ ಜೋಡಿ ಪ್ರತಿಬಿಂಬಗಳು ಹುಟ್ಟುತ್ತವೆ. ಅವು ಎಷ್ಟು ದೂರದಲ್ಲಿ ಬೀಳುತ್ತವೆ ಎಂಬುದಕ್ಕೆ ಲೆಕ್ಕ ಸರಳ: ದೋಷದ ಆವೃತ್ತಿಯನ್ನು ತರಂಗದೂರದಿಂದಲೂ ಓರೆದೂರದಿಂದಲೂ ಗುಣಿಸಿ, ವಿಮಾನದ ವೇಗದ ಎರಡರಷ್ಟರಿಂದ ಭಾಗಿಸಬೇಕು. ನಿಮ್ಮ ಸಂಖ್ಯೆಗಳನ್ನು ಹಾಕಿ ಹಿಂದಕ್ಕೆ ಲೆಕ್ಕ ಮಾಡಿದರೆ 10 ಕಿ.ಮೀ.ನಲ್ಲಿ 2 ಮೀಟರ್ ಎಂದರೆ 1 ಹರ್ಟ್ಜ್, 6 ಕಿ.ಮೀ.ನಲ್ಲಿ 1.2 ಮೀಟರ್ ಎಂದರೂ ಅದೇ 1 ಹರ್ಟ್ಜ್. ಪ್ರೊಪೆಲ್ಲರ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತದೆ ಎಂದುಕೊಂಡರೂ ಅದು 30 ಹರ್ಟ್ಜ್ ಆಗಿ, ಹುಸಿಚುಕ್ಕಿ 60 ಮೀಟರ್ ಆಚೆ ಬೀಳಬೇಕಿತ್ತು. ನಿಮ್ಮ ವಿಮಾನದಲ್ಲಿ ಸೆಕೆಂಡಿಗೆ ಸರಿಯಾಗಿ ಒಂದು ಬಾರಿ ನಡೆಯುವ ಕೆಲಸ ಯಾವುದೆಂದು ನೀವೇ ಬರೆದಿದ್ದೀರಿ. ಜಿಪಿಎಸ್ ಅಳತೆ ಬಂದು ಕಾಲ್ಮನ್ ಫಿಲ್ಟರ್ ತನ್ನ ಅಂದಾಜನ್ನು ತಿದ್ದಿಕೊಳ್ಳುವ ಗಳಿಗೆ ಅದು.

ಎರಡು ಜಿಪಿಎಸ್ ಅಳತೆಗಳ ನಡುವೆ ಘಟಕವು ಐಎಂಯು ಒಂದನ್ನೇ ನಂಬಿ ಸ್ಥಾನವನ್ನು ಮುಂದಕ್ಕೆ ಒಯ್ಯುತ್ತದೆ, ಹಾಗೆ ಒಯ್ಯುವಾಗ ಸ್ವಲ್ಪ ಜಾರುತ್ತದೆ, ಮುಂದಿನ ಅಳತೆ ಬಂದ ಕೂಡಲೇ ಒಂದೇ ನೆಗೆತಕ್ಕೆ ಸರಿಯಾದ ಜಾಗಕ್ಕೆ ಮರಳುತ್ತದೆ. ವಿಮಾನ ನೆಗೆದಿರುವುದಿಲ್ಲ, ನೆಗೆದದ್ದು ಲೆಕ್ಕ ಮಾತ್ರ. ಆದರೂ ಆ ನೆಗೆತವನ್ನು ನೀವು ಪಲ್ಸ್‌ಗಳ ಫೇಸ್‌ಗೆ ಸೇರಿಸಿಬಿಡುತ್ತೀರಿ. ಹೀಗೆ ಗರಗಸದ ಹಲ್ಲಿನಂತಹ ದೋಷ ಹುಟ್ಟುತ್ತದೆ. 12 ಡಿಬಿ ಕೆಳಗಿನ ಹುಸಿಚುಕ್ಕಿಗೆ ಸುಮಾರು ಅರ್ಧ ರೇಡಿಯನ್‌ನ ಫೇಸ್ ಏರಿಳಿತ ಸಾಕು, ಅದು ದೂರದ ಲೆಕ್ಕದಲ್ಲಿ 1.2 ಮಿ.ಮೀ. ಗರಗಸದ ಹಲ್ಲಿನ ಪೂರ್ತಿ ಎತ್ತರ ಹೆಚ್ಚೆಂದರೆ 4 ಮಿ.ಮೀ. ಇದ್ದೀತು. ಎರಡರಷ್ಟು ಅಂತರದಲ್ಲಿ ಕಾಣುವ ಮಸುಕಾದ ಜೋಡಿ ಅದೇ ಗರಗಸದ ಎರಡನೆಯ ಹಾರ್ಮೋನಿಕ್ (ಎರಡರಷ್ಟು ಆವೃತ್ತಿಯ ಅಂಶ).

ಜಿಪಿಎಸ್ ಎಷ್ಟೇ ಒಳ್ಳೆಯದಾದರೂ ಸೆಂಟಿಮೀಟರುಗಳ ಲೆಕ್ಕದಲ್ಲಿ ತಪ್ಪುತ್ತದೆ, ರೇಡಾರ್‌ಗೆ ಮಿಲಿಮೀಟರುಗಳ ನಿಖರತೆ ಬೇಕು, ಹಾಗಾದರೆ ಇದು ಸಾಧ್ಯವೇ ಎಂದು ಹೊಸಬರು ಗಾಬರಿಯಾಗುವುದನ್ನು ನೋಡಿದ್ದೇನೆ. ರೇಡಾರ್‌ಗೆ ಬೇಕಾಗಿರುವುದು ವಿಮಾನ ಭೂಮಿಯ ಮೇಲೆ ಎಲ್ಲಿದೆ ಎಂಬುದಲ್ಲ. ಆ 4 ಸೆಕೆಂಡಿನೊಳಗೆ ಮೊದಲ ಪಲ್ಸ್‌ಗೂ ಕೊನೆಯ ಪಲ್ಸ್‌ಗೂ ನಡುವೆ ಅದು ಹೇಗೆ ಸಾಗಿತು ಎಂಬುದು. ಇಡೀ ಪಥ 5 ಮೀಟರ್ ಪಕ್ಕಕ್ಕೆ ಸರಿದಿದ್ದರೂ ಚಿತ್ರ ಹರಿತವಾಗಿಯೇ ಬರುತ್ತದೆ. ಪಥದ ಬಾಗು ತರಂಗದೂರದ ಹದಿನಾರನೇ ಒಂದು ಭಾಗ ತಪ್ಪಿದರೆ, ಅಂದರೆ ನಿಮ್ಮ ಬ್ಯಾಂಡ್‌ನಲ್ಲಿ 2 ಮಿ.ಮೀ.ಗಿಂತ ತುಸು ಕಡಿಮೆ ತಪ್ಪಿದರೆ, ಚಿತ್ರ ಮಸುಕಾಗತೊಡಗುತ್ತದೆ. ರಂಗೋಲಿಯನ್ನು ಹೊಸ್ತಿಲಿನಿಂದ ಒಂದು ಗೇಣು ಆಚೆ ಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಎಳೆ ಬಿಡುವಾಗ ಕೈ ನಡುಗಿದ್ದು ಮಾತ್ರ ಬೀದಿಗೆಲ್ಲ ಕಾಣುತ್ತದೆ.

ಮಾಡಿ ನೋಡಬೇಕಾದ ಪರೀಕ್ಷೆ ಒಂದೇ. ಹಾರಾಟದ ಕಚ್ಚಾ ಐಎಂಯು ದಾಖಲೆಯನ್ನು ತೆಗೆದುಕೊಂಡು, ಸಾಲಿನ ಆರಂಭದಲ್ಲಿ ಫಿಲ್ಟರ್ ಹೇಳಿದ ಸ್ಥಾನ, ವೇಗ ಮತ್ತು ವಾಲುಗಳಿಂದ ಶುರುಮಾಡಿ, ಮಧ್ಯೆ ಜಿಪಿಎಸ್ ತಿದ್ದುಪಡಿ ಸೇರಿಸದೆ ಪಥವನ್ನು ಕಟ್ಟಿ, ಅದೇ ಪಲ್ಸ್‌ಗಳಿಂದ ಚಿತ್ರವನ್ನು ಮತ್ತೆ ಮಾಡಿ. ಹುಸಿಚುಕ್ಕಿಗಳು ಮಾಯವಾದರೆ ಕಳ್ಳ ಸಿಕ್ಕಂತೆಯೇ.

ಬುಗುರಿ

ಅಳತೆಗೋಲು ಅವರ ರೋಗನಿರ್ಣಯವನ್ನು ಒಪ್ಪುತ್ತೇನೆ, ಆದರೆ ಪರೀಕ್ಷೆಯನ್ನೇ ಚಿಕಿತ್ಸೆ ಎಂದು ತಿಳಿದು ಜಿಪಿಎಸ್ ಅನ್ನು ಬಿಟ್ಟುಬಿಡಬಾರದು. ನ್ಯಾವಿಗೇಷನ್ ದರ್ಜೆಯ ಒಳ್ಳೆಯ ಐಎನ್‌ಎಸ್ ಕೂಡ ಒಂಟಿಯಾಗಿ ಬಿಟ್ಟರೆ ಗಂಟೆಗೆ ಸುಮಾರು 1 ನಾಟಿಕಲ್ ಮೈಲಿ ಜಾರುತ್ತದೆ. ಅದು ಸೆಕೆಂಡಿಗೆ ಅರ್ಧ ಮೀಟರ್‌ನ ವೇಗದೋಷ. ಈ ದೋಷ 84 ನಿಮಿಷಗಳ ಶೂಲರ್ ಆವರ್ತದಲ್ಲಿ ನಿಧಾನವಾಗಿ ಏರಿಳಿಯುವುದರಿಂದ 4 ಸೆಕೆಂಡಿನ ಕಿಟಕಿಯಲ್ಲಿ ಬದಲಾಗದ ವೇಗದಂತೆಯೇ ಕಾಣುತ್ತದೆ. ಅದು ರೇಡಾರ್ ನೋಡುವ ದಿಕ್ಕಿನಲ್ಲಿದ್ದರೆ ಚಿತ್ರ ಹರಿತವಾಗಿ ಬಂದು, 10 ಕಿ.ಮೀ. ದೂರದ ವಸ್ತು ಮಾತ್ರ ಹಾರಾಟದ ದಿಕ್ಕಿನಲ್ಲಿ 67 ಮೀಟರ್ ಪಕ್ಕಕ್ಕೆ ಹೋಗಿ ಕೂರುತ್ತದೆ. ಅದೇ ದೋಷ ಹಾರಾಟದ ದಿಕ್ಕಿನಲ್ಲಿದ್ದರೆ ಚಿತ್ರ ಸರಿಯುವುದಲ್ಲ, ಮಸುಕಾಗುತ್ತದೆ. ನಿಮ್ಮ ಓರೆದೂರ, ವೇಗಗಳಿಗೆ ಹಾರಾಟದ ದಿಕ್ಕಿನ ವೇಗ ಸೆಕೆಂಡಿಗೆ 6 ಸೆಂ.ಮೀ.ಗಿಂತ ಹೆಚ್ಚು ತಪ್ಪಬಾರದು, ಒಂಟಿ ಐಎನ್‌ಎಸ್‌ನಿಂದ ಅಷ್ಟನ್ನು ನಿರೀಕ್ಷಿಸಲಾಗದು. ದೀರ್ಘಕಾಲದ ಸತ್ಯ ಜಿಪಿಎಸ್‌ನಿಂದ ಬರಬೇಕು, ಕ್ಷಣಕ್ಷಣದ ನುಣುಪು ಐಎಂಯುನಿಂದ ಬರಬೇಕು; ಎರಡನ್ನೂ ಬೆಸೆಯುವ ಜಾಗದಲ್ಲಿ ಹೊಲಿಗೆ ಕಾಣಬಾರದು. ಒಂದೇ ಜಾಗದ ಮೇಲೆ ನೋಟ ನೆಟ್ಟು ತೆಗೆಯುವ ಸ್ಪಾಟ್‌ಲೈಟ್ ಚಿತ್ರಗಳಲ್ಲಿ ಒಂದು ಅಪರ್ಚರ್ ಮುಗಿದು ಇನ್ನೊಂದು ಆರಂಭವಾಗುವ ಬಿಡುವಿನಲ್ಲಿ ತಿದ್ದುಪಡಿಯನ್ನು ಸೇರಿಸಬಹುದು. ನಿಮ್ಮಂತೆ ಪಟ್ಟಿಯನ್ನು ಬಿಡದೆ ಚಿತ್ರಿಸುವವರಿಗೆ ಅಂತಹ ಬಿಡುವು ಇರುವುದಿಲ್ಲವಾದ್ದರಿಂದ, ತಿದ್ದುಪಡಿಯನ್ನು ಅಪರ್ಚರ್‌ಗಿಂತ ಉದ್ದವಾದ ಕಾಲಾವಧಿಯ ಮೇಲೆ ಹರಡಿ ಸ್ವಲ್ಪಸ್ವಲ್ಪವೇ ಸೇರಿಸಬೇಕು. ಹಾರಾಟ ಮುಗಿದ ಮೇಲೆ ಚಿತ್ರ ಮಾಡುವುದಾದರೆ ಮುಂದಿನಿಂದಲೂ ಹಿಂದಿನಿಂದಲೂ ದಾಖಲೆಯನ್ನು ಓದುವ ಸ್ಮೂದರ್ ಬಳಸುವುದೇ ಲೇಸು.

ನನ್ನ ಕುತೂಹಲ ಕೆರಳಿಸಿದ್ದು ನೀವು ಹಾಗೇ ಹೇಳಿ ಬಿಟ್ಟ ಇನ್ನೊಂದು ಮಾತು: ಉತ್ತರದ ಸಾಲುಗಳು ಕೆಟ್ಟಿವೆ, ದಕ್ಷಿಣದವು ಚೆನ್ನಾಗಿವೆ. ಜಿಪಿಎಸ್‌ನ ಗೊಂದಲವಷ್ಟೇ ಕಾರಣವಾಗಿದ್ದರೆ ನೆಗೆತಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಗಿ, ಚುಕ್ಕಿಯ ಸುತ್ತ ಮಸುಕು ಹರಡುತ್ತಿತ್ತೇ ಹೊರತು ಇಷ್ಟು ಅಚ್ಚುಕಟ್ಟಾದ ಜೋಡಿ ಮೂಡುತ್ತಿರಲಿಲ್ಲ. ಪ್ರತಿ ಸೆಕೆಂಡೂ ಒಂದೇ ಕಡೆಗೆ, ಒಂದೇ ಅಳತೆಗೆ ಜಾರುತ್ತಿದೆ ಎಂದರೆ ಆಕ್ಸಿಲರೋಮೀಟರ್‌ನಲ್ಲಿ ಫಿಲ್ಟರ್ ಇನ್ನೂ ಗುರುತಿಸದ ಬಯಾಸ್ (ಸದಾ ಒಂದೇ ಕಡೆಗಿರುವ ಅಳತೆಯ ತಪ್ಪು) ಇದೆ ಎಂದೇ ಅರ್ಥ.

ವಿಮಾನ ನಿಂತಿರುವಾಗ ಐಎನ್‌ಎಸ್ ತನ್ನ ಮಟ್ಟವನ್ನು ಗುರುತ್ವದಿಂದ ಕಂಡುಕೊಳ್ಳುತ್ತದೆ. ಆಕ್ಸಿಲರೋಮೀಟರ್‌ನಲ್ಲಿ ಬಯಾಸ್ ಇದ್ದರೆ, ಅದನ್ನು ನಿಖರವಾಗಿ ಸರಿದೂಗಿಸುವಷ್ಟು ತಪ್ಪು ವಾಲನ್ನೇ ಘಟಕ ಸರಿಯಾದ ಮಟ್ಟವೆಂದು ಒಪ್ಪಿಕೊಳ್ಳುತ್ತದೆ. ಎರಡು ತಪ್ಪುಗಳೂ ಒಂದನ್ನೊಂದು ಅಳಿಸಿಕೊಂಡು ಕುಳಿತಿರುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಆದರೆ ಬಯಾಸ್ ಪೆಟ್ಟಿಗೆಯ ಜೊತೆಗೆ ತಿರುಗುತ್ತದೆ, ಮಟ್ಟದ ತಪ್ಪು ಭೂಮಿಯ ದಿಕ್ಕುಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ವಿಮಾನ 180 ಡಿಗ್ರಿ ತಿರುಗಿತೆಂದರೆ ಅಳಿಸಿಕೊಳ್ಳುತ್ತಿದ್ದ ಎರಡೂ ಈಗ ಕೂಡಿಕೊಂಡು ಬಯಾಸ್‌ನ ಎರಡರಷ್ಟಾಗುತ್ತವೆ. ಆದ್ದರಿಂದ ಕೇಳುತ್ತೇನೆ: ಅಂದು ನಿಲುಗಡೆಯಲ್ಲಿ ಹೀಗೆ ಮಟ್ಟ ಕಂಡುಕೊಳ್ಳುವ ಅಲೈನ್‌ಮೆಂಟ್ ನಡೆಯುವಾಗ ವಿಮಾನದ ಮೂಗು ಯಾವ ಕಡೆಗಿತ್ತು?

ಹಾಗಿದ್ದಲ್ಲಿ ಪರಿಹಾರ ಪೈಲಟ್‌ನ ಕೈಯಲ್ಲಿದೆ. ಮೊದಲ ಸಾಲಿಗೆ ಮುಂಚೆ ಎಡಕ್ಕೂ ಬಲಕ್ಕೂ ಕೆಲವು ದೊಡ್ಡ ತಿರುವುಗಳನ್ನು, ಸಾಧ್ಯವಾದರೆ ಪೂರ್ತಿ ಎಂಟರ ಆಕಾರವನ್ನು ಹಾರಿಸಿದರೆ, ಬಯಾಸ್ ಯಾವುದು ವಾಲು ಯಾವುದು ಎಂದು ಫಿಲ್ಟರ್‌ಗೆ ಬೇರ್ಪಡಿಸಲು ಸಾಧ್ಯವಾಗುತ್ತದೆ. ನೇರವಾಗಿ ಹಾರುತ್ತಲೇ ಇದ್ದರೆ ಎಷ್ಟು ಹೊತ್ತಾದರೂ ಆ ಎರಡು ಬೇರ್ಪಡುವುದಿಲ್ಲ. ವಾಲಿನ ವಿಷಯವನ್ನು ಸಣ್ಣದೆಂದು ಬಿಡಬೇಡಿ: ಒಂದು ಡಿಗ್ರಿಯ 200ನೇ ಭಾಗದಷ್ಟು ರೋಲ್ (ಅಕ್ಕಪಕ್ಕದ ವಾಲು) ತಪ್ಪಿದರೆ ಗುರುತ್ವದ ಸೋರಿಕೆಯೊಂದರಿಂದಲೇ ನಿಮ್ಮ 4 ಸೆಕೆಂಡಿನ ಅಪರ್ಚರ್‌ನ ತುದಿಗಳಲ್ಲಿ 1.7 ಮಿ.ಮೀ. ಬಾಗು ಬರುತ್ತದೆ, ಇರುವ ಅವಕಾಶವೆಲ್ಲ ಅದರಲ್ಲೇ ತೀರಿಹೋಗುತ್ತದೆ.

ಇನ್ನೆರಡು ಮಾತು. ಐಎಂಯು ಎಲ್ಲಿದೆ? ಕ್ಯಾಬಿನ್‌ನ ನೆಲದ ಮೇಲಿದ್ದು ಆಂಟೆನಾ ಅದರಿಂದ 1.2 ಮೀಟರ್ ಕೆಳಗಿದ್ದರೆ, 1 ಡಿಗ್ರಿ ರೋಲ್‌ಗೆ ಆಂಟೆನಾ 2 ಸೆಂ.ಮೀ. ಪಕ್ಕಕ್ಕೆ ತೂಗುತ್ತದೆ, ಲಿವರ್ ಆರ್ಮ್‌ನ (ಐಎಂಯುಗೂ ಆಂಟೆನಾಗೂ ನಡುವಿನ ಅಂತರ) ತಿದ್ದುಪಡಿ ಮಾಡಿರಲೇಬೇಕು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಲಿಂಕ್ಸ್ ರೇಡಾರ್‌ನಲ್ಲಿ ಐಎಂಯುವನ್ನು ಆಂಟೆನಾ ಹೊತ್ತ ಗಿಂಬಲ್ (ತಿರುಗುವ ಚೌಕಟ್ಟು) ಮೇಲೆಯೇ ಕೂರಿಸಿ, ವಿಮಾನದ ಮೈ ಬಾಗುವುದನ್ನು ಲೆಕ್ಕಕ್ಕೆ ತರುವ ತಾಪತ್ರಯವನ್ನೇ ತಪ್ಪಿಸಿದರು. ಎರಡನೆಯದು ಸಮಯ. ಸಂಚರಣ ಸಂದೇಶ ರೇಡಾರ್ ಕಂಪ್ಯೂಟರ್‌ಗೆ ತಲುಪಿದ ಸಮಯವನ್ನೇ ಅದರ ಸಮಯವೆಂದು ದಾಖಲಿಸುವ ತಪ್ಪನ್ನು ನಾನೇ ಒಂದು ಇಡೀ ಬೇಸಿಗೆ ಮಾಡಿದ್ದೇನೆ. ಎರಡು ಸೆಕೆಂಡಿಗೊಮ್ಮೆ 10 ಸೆಂ.ಮೀ. ಓಲಾಡುವ ವಿಮಾನದಲ್ಲಿ 10 ಮಿಲಿಸೆಕೆಂಡು ವಿಳಂಬವೆಂದರೆ 3 ಮಿ.ಮೀ. ದೋಷ. ಜಿಪಿಎಸ್ ರಿಸೀವರ್‌ನ ಸೆಕೆಂಡಿಗೊಂದು ಪಲ್ಸ್ ಅನ್ನು ರೇಡಾರ್‌ನ ಗಡಿಯಾರಕ್ಕೂ ತಂತಿ ಎಳೆದು ಕೊಡಿ.

ಬಯಲುಹಕ್ಕಿ

ಇಬ್ಬರಿಗೂ ಕೃತಜ್ಞತೆಗಳು. ಅಂದಿನ ಹಾರಾಟದ ಪುಸ್ತಕವನ್ನು ತೆಗೆದು ನೋಡಿದೆ: ಅಲೈನ್‌ಮೆಂಟ್ ನಡೆದಾಗ ವಿಮಾನದ ಮೂಗು ದಕ್ಷಿಣಕ್ಕೇ ಇತ್ತು! ನಿಲುಗಡೆಯಿಂದ ಎದ್ದು, ಒಂದೇ ಅಗಲವಾದ ತಿರುವಿನಲ್ಲಿ ಉತ್ತರಕ್ಕೆ ಹೊರಳಿ, ನೇರವಾಗಿ ಮೊದಲ ಸಾಲಿಗೆ ಹೋಗಿದ್ದಾರೆ. ಇಂಧನ ಉಳಿಸಲೆಂದು ಹಾಗೆ ಹಾರಿಸಲು ಹೇಳಿದವನು ನಾನೇ.

ಕಚ್ಚಾ ಐಎಂಯು ದಾಖಲೆಯಿಂದ ಉತ್ತರದ ಸಾಲೊಂದನ್ನು ಮತ್ತೆ ಮಾಡಿದೆ. ಎರಡೂ ರಿಫ್ಲೆಕ್ಟರ್‌ಗಳ ಹುಸಿಚುಕ್ಕಿಗಳು ಪೂರ್ತಿ ಹೋದವು. ಬುಗುರಿ ಅವರು ಎಚ್ಚರಿಸಿದಂತೆ ದೂರದ ರಿಫ್ಲೆಕ್ಟರ್ ತನ್ನ ನಿಜವಾದ ಜಾಗದಿಂದ ಹತ್ತಾರು ಮೀಟರ್ ಸರಿದು ಕೂತಿದೆ. ಲಿವರ್ ಆರ್ಮ್ ತಿದ್ದುಪಡಿ ಮೊದಲಿನಿಂದಲೂ ಇತ್ತು, ಸಮಯದ ತಂತಿ ಇರಲಿಲ್ಲ, ಎಳೆಸಿದ್ದೇನೆ.

ಒಂದು ಸಂಗತಿ ಮಾತ್ರ ಉಳಿದಿದೆ. ಆಷಾಢದ ಗಾಳಿಯಲ್ಲಿ ಹಾರಿಸಿದ ಒಂದು ದಿನದ ಚಿತ್ರಗಳಲ್ಲಿ ಪಟ್ಟಿಯ ಮಧ್ಯಭಾಗ ಚೆನ್ನಾಗಿದ್ದು, ಎರಡೂ ಅಂಚುಗಳು, ಅದರಲ್ಲೂ ಹತ್ತಿರದ ಅಂಚು, ಮಸುಕಾಗಿವೆ. ಅಂದು ವಿಮಾನ ಕೆಲವೇ ಸೆಕೆಂಡುಗಳಲ್ಲಿ 2 ಮೀಟರಿನಷ್ಟು ಕುಸಿದು ಮೇಲೇಳುತ್ತಿತ್ತು. ಹುಸಿಚುಕ್ಕಿಗಳಿಲ್ಲ, ಬರಿಯ ಮಸುಕು.

ಓರೆನೋಟ

ಮಧ್ಯಭಾಗ ಚೆನ್ನಾಗಿದೆ ಎಂದಾಗಲೇ ನೀವು 8 ಕಿ.ಮೀ. ಓರೆದೂರಕ್ಕೆ ಲೆಕ್ಕ ಮಾಡಿದ ತಿದ್ದುಪಡಿಯನ್ನೇ ಇಡೀ ಪಟ್ಟಿಗೆ ಹಾಕಿರಬೇಕೆಂದು ಊಹಿಸುತ್ತೇನೆ. ವಿಮಾನ ಕುಸಿದದ್ದು ಎಲ್ಲ ಬಿಂದುಗಳಿಗೂ ಒಂದೇ ಅಳತೆಯಲ್ಲಿ ಕಾಣುವುದಿಲ್ಲ. ಕಾಲ ಕೆಳಗಿನ ಬಿಂದುವಿಗೆ ಪೂರ್ತಿಯಾಗಿ ಕಾಣುತ್ತದೆ, ದಿಗಂತದ ಬಿಂದುವಿಗೆ ಏನೂ ಕಾಣುವುದಿಲ್ಲ. ನಡುವೆ ಎತ್ತರವನ್ನು ಓರೆದೂರದಿಂದ ಭಾಗಿಸಿದ ಪ್ರಮಾಣದಲ್ಲಿ ಕಾಣುತ್ತದೆ. 3 ಕಿ.ಮೀ. ಎತ್ತರದಿಂದ 2 ಮೀಟರ್ ಕುಸಿತವು 6 ಕಿ.ಮೀ.ನಲ್ಲಿ 1 ಮೀಟರ್, 8 ಕಿ.ಮೀ.ನಲ್ಲಿ 75 ಸೆಂ.ಮೀ., 10 ಕಿ.ಮೀ.ನಲ್ಲಿ 60 ಸೆಂ.ಮೀ. ಹತ್ತಿರದ ಅಂಚಿನಲ್ಲಿ 25 ಸೆಂ.ಮೀ., ಅಂದರೆ ಎಂಟು ತರಂಗದೂರಕ್ಕೂ ಹೆಚ್ಚು, ತಿದ್ದದೆ ಉಳಿದುಬಿಟ್ಟಿದೆ. ದೂರದ ಅಂಚಿನಲ್ಲಿ 15 ಸೆಂ.ಮೀ. ಹತ್ತಿರದ್ದೇ ಹೆಚ್ಚು ಕೆಟ್ಟಿರುವುದಕ್ಕೆ ಕಾರಣ ಇದೇ. ಮೊದಲು ನಡುವಿನ ದೂರಕ್ಕೆ ಒಂದು ತಿದ್ದುಪಡಿ, ಆಮೇಲೆ ಬಿಂದುಗಳು ತಮ್ಮ ತಮ್ಮ ದೂರದ ಸಾಲಿಗೆ ಬಂದು ನಿಂತ ಹಂತದಲ್ಲಿ ಉಳಿದ ವ್ಯತ್ಯಾಸಕ್ಕೆ ಎರಡನೆಯ ತಿದ್ದುಪಡಿ, ಹೀಗೆ ಎರಡು ಹಂತದಲ್ಲಿ ಮಾಡುವುದು ವಾಡಿಕೆ. ಬಯಲುಸೀಮೆಯಲ್ಲಿ ಅಷ್ಟು ಸಾಕು. ನಾಳೆ ಮಲೆನಾಡಿಗೆ ಹೋದರೆ ನೆಲದ ಎತ್ತರವೂ ಈ ಲೆಕ್ಕದೊಳಗೆ ಬರಬೇಕಾಗುತ್ತದೆ, ಆಗ ಪ್ರತಿ ಬಿಂದುವಿಗೂ ಬೇರೆಯಾಗಿಯೇ ದೂರ ಲೆಕ್ಕ ಹಾಕುವ ಬ್ಯಾಕ್‌ಪ್ರೊಜೆಕ್ಷನ್ ವಿಧಾನವೇ ನೆಮ್ಮದಿ.

ಗಾಳಿಯ ದಿನ ಇನ್ನೊಂದನ್ನೂ ಗಮನಿಸಿ. ಸೆಕೆಂಡಿಗೆ 10 ಮೀಟರ್ ಅಡ್ಡಗಾಳಿಗೆ ನಿಮ್ಮ ವಿಮಾನ 7 ಡಿಗ್ರಿಗೂ ಹೆಚ್ಚು ಮೂಗು ಓರೆ ಮಾಡಿಕೊಂಡೇ ಸಾಲಿನ ಮೇಲೆ ನಿಲ್ಲಬೇಕಾಗುತ್ತದೆ. ಆಂಟೆನಾ ಗಟ್ಟಿಯಾಗಿ ಬಿಗಿದದ್ದಾದರೆ ಅದರ ನೋಟವೂ ಅಷ್ಟೇ ತಿರುಗುತ್ತದೆ. ನಾಸಾದ ಯುಎವಿಸಾರ್ ರೇಡಾರ್ ಸಂಚರಣ ಘಟಕದಿಂದ ಹೆಡಿಂಗ್ ಪಡೆದು ತನ್ನ ನೋಟವನ್ನು ಎಲೆಕ್ಟ್ರಾನಿಕ್ ಆಗಿಯೇ ತಿರುಗಿಸಿಕೊಳ್ಳುತ್ತದೆ. ಒಂದೇ ಜಾಗವನ್ನು ಬೇರೆ ಬೇರೆ ದಿನಗಳಲ್ಲಿ ಚಿತ್ರಿಸಿ ನೆಲದ ಅಲುಗಾಟವನ್ನು ಅಳೆಯುವ ಕೆಲಸ ಅದರದ್ದು. ಹಾಗಾಗಿ ಅದನ್ನು ಹೊತ್ತ ಗಲ್ಫ್‌ಸ್ಟ್ರೀಮ್-3 ವಿಮಾನವನ್ನು ಗೊತ್ತಾದ ಪಥದಿಂದ 5 ಮೀಟರ್ ಆಚೆ ಹೋಗದಂತೆ ವಿಶೇಷ ಆಟೋಪೈಲಟ್ ಹಿಡಿದಿಡುತ್ತದೆ. ಅದರ ತರಂಗದೂರ ಸುಮಾರು 24 ಸೆಂ.ಮೀ. ಆದ್ದರಿಂದ ಹದಿನಾರನೇ ಒಂದರ ಲೆಕ್ಕದಲ್ಲಿ ಅವರಿಗೆ 15 ಮಿ.ಮೀ. ಅವಕಾಶವಿದೆ, ನಿಮಗೆ 2 ಮಿ.ಮೀ. ಇಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಾಸಾ–ಇಸ್ರೊ ರೇಡಾರ್ ಉಪಗ್ರಹ ನಿಸಾರ್‌ಗೆ ಮುನ್ನ ಇಸ್ರೊ ತನ್ನ ಎಲ್ ಮತ್ತು ಎಸ್ ಬ್ಯಾಂಡ್‌ಗಳನ್ನು ವಿಮಾನದಲ್ಲಿ ಹಾರಿಸಿ ಪಳಗಿಸಿತು. ಉಪಗ್ರಹಕ್ಕೆ ಗಾಳಿಯ ಗುದ್ದು ಇಲ್ಲ. ವಿಮಾನದವರ ಪಾಡೇ ಬೇರೆ.

ನಿಮ್ಮ ಮೇಲಿನವರು ಹೇಳಿದ ಆಟೋಫೋಕಸ್ ಬಗ್ಗೆ ಒಂದು ಮಾತು. ಅದು ಕೆಟ್ಟದ್ದೇನಲ್ಲ, ಕೊನೆಯಲ್ಲಿ ಉಳಿದ ಒಂದೆರಡು ಮಿಲಿಮೀಟರಿಗೆ ನಾನೂ ಬಳಸುತ್ತೇನೆ. ಆದರೆ ಚಿತ್ರದಿಂದಲೇ ದೋಷವನ್ನು ಊಹಿಸುವ ಆ ವಿಧಾನಕ್ಕೆ ಚಿತ್ರ ಎಷ್ಟು ಸರಿದಿದೆ ಎಂಬುದು ಕಾಣುವುದೇ ಇಲ್ಲ. 67 ಮೀಟರ್ ಆಚೆ ಕೂತ ರಿಫ್ಲೆಕ್ಟರ್ ಅದರ ಪಾಲಿಗೆ ಸರಿಯಾಗಿಯೇ ಇದೆ. ಪ್ರಬಲ ಚುಕ್ಕಿಗಳಿಲ್ಲದ ಬರಿ ಹೊಲದ ಮೇಲೆ ಅದಕ್ಕೆ ಹಿಡಿಯಲು ಆಸರೆ ಸಿಗುವುದೂ ಕಷ್ಟ.

ಬಯಲುಹಕ್ಕಿ

ನಡುವಿನ ದೂರಕ್ಕೆ ಒಂದೇ ತಿದ್ದುಪಡಿ ಎಂಬ ನಿಮ್ಮ ಊಹೆ ನಿಜ, ಪ್ರೋಗ್ರಾಮ್‌ನಲ್ಲಿ 8,000 ಎಂಬ ಸಂಖ್ಯೆಯನ್ನೇ ನೇರವಾಗಿ ಬರೆದಿಟ್ಟಿದ್ದೆವು. ಎರಡನೆಯ ಹಂತವನ್ನು ಸೇರಿಸಿ ಆಷಾಢದ ದಿನದ ಒಂದು ಸಾಲನ್ನು ಮತ್ತೆ ಮಾಡಿದ್ದೇನೆ. ಹತ್ತಿರದ ಅಂಚಿನಲ್ಲಿ ಹೊಲದ ಬದುಗಳು ಈಗ ಬಿಡಿಬಿಡಿಯಾಗಿ ಕಾಣುತ್ತಿವೆ. ಕಳೆದ ವಾರ ಸಾಲಿಗೆ ಮುಂಚೆ ಎರಡು ಬಾರಿ ಎಂಟರ ಆಕಾರ ಹಾರಿಸಿ, ಸ್ಮೂದರ್‌ನಿಂದ ಬಂದ ಪಥವನ್ನು ಬಳಸಿದೆವು. ಉತ್ತರದ ಸಾಲಿನಲ್ಲಿ ಎರಡೂ ರಿಫ್ಲೆಕ್ಟರ್‌ಗಳು ಒಂಟಿ ಚುಕ್ಕಿಗಳಾಗಿ, ತಮ್ಮ ತಮ್ಮ ಜಾಗದಲ್ಲೇ ಬಂದಿವೆ.